ಮದಕದ ಕೆಳಗಿನ ಮನೆಗಳು: ಮಳೆಗಾಲಕ್ಕೆ ಗುಡ್ಡದೂರು ಸಜ್ಜಾಗುವುದು ಹೇಗೆ?

ಮನೆಯ ಹಿಂದೆ ಗುಡ್ಡ. ಗುಡ್ಡದ ಮೇಲೆ ಮದಕ. ಮನೆಯ ಮುಂದೆ ಅಡಿಕೆ ತೋಟ, ತೋಟದ ಕೊನೆಗೆ ತೋಡು, ಅಂದರೆ ಸಣ್ಣ ಹಳ್ಳ. ಕಾಸರಗೋಡಿನ ಒಳನಾಡಿಗೆ, ಪೈವಳಿಕೆ, ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಕಡೆ ಬಂದರೆ ಇಂಥ ಮನೆಗಳು ಎಷ್ಟೋ ಸಿಗುತ್ತವೆ. ನಮ್ಮದೂ ಅಂಥದ್ದೇ ಒಂದು. ಎರಡು ಗುಡ್ಡ ಸೇರುವಲ್ಲಿ ಮಣ್ಣಿನ ದಂಡೆ ಹಾಕಿ ಮಳೆನೀರು ನಿಲ್ಲಿಸಿದರೆ ಅದನ್ನು ನಾವು ಮದಕ ಎನ್ನುತ್ತೇವೆ. ಹಿರಿಯರು ಮಾಡಿಟ್ಟ ಕೆಲಸ ಅದು. ಮದಕದ ನೀರು ಮೆಲ್ಲ ಮೆಲ್ಲ ಇಂಗಿ ಕೆಳಗಿನ ಬಾವಿ, ಕೆರೆ, ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡ ಕೊರೆದ ಸುರಂಗಗಳಿಗೆ ಬರುತ್ತದೆ. ಏಪ್ರಿಲ್‌ನಲ್ಲೂ ತೋಟ ಹಸಿರಾಗಿರುವುದು ಅದರಿಂದ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಾತ್ರ ಅದೇ ನೀರು ನಮ್ಮ ತಲೆಯ ಮೇಲೆ ನಿಂತಿರುತ್ತದೆ.

ಕೆಲವು ವರ್ಷಗಳ ಹಿಂದೆ ಆಟಿಯ ಒಂದು ರಾತ್ರಿ ನಮ್ಮ ಮದಕದ ದಂಡೆಯ ಬುಡದಿಂದ ಕೆಂಪು ನೀರು ಬರತೊಡಗಿತು. ಟಾರ್ಚ್ ಹಿಡಿದು ಏಳೆಂಟು ಜನ ಓಡಿದೆವು. ಏನು ಮಾಡಬೇಕೆಂದು ಒಬ್ಬರಿಗೂ ಗೊತ್ತಿರಲಿಲ್ಲ. ತೂತಿಗೆ ಮಣ್ಣು ತುಂಬಿ ಮುಚ್ಚೋಣ ಎಂದರು ಒಬ್ಬರು. ದಂಡೆ ಕಡಿದು ನೀರು ಬಿಟ್ಟುಬಿಡೋಣ ಎಂದರು ಇನ್ನೊಬ್ಬರು. ಎರಡೂ ತಪ್ಪು ಎಂದು ಆಮೇಲೆ ತಿಳಿಯಿತು. ಮಾತಾಡುತ್ತಾ ನಿಂತಿರುವಾಗಲೇ ಮಳೆ ಕಡಿಮೆಯಾಯಿತು, ಊರು ಉಳಿಯಿತು. ಕೆಳಗಿನ ನಾಲ್ಕು ಮನೆಯವರನ್ನು ಎಬ್ಬಿಸಬೇಕೆಂಬ ಯೋಚನೆ ಕೂಡ ಆ ರಾತ್ರಿ ನಮಗೆ ಬಂದಿರಲಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ಆ ಮೇಲಿನ ವರ್ಷಗಳಲ್ಲಿ ನಾವು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಗುಡ್ಡದ ಬುಡದಲ್ಲಿ, ಕೆರೆಯ ಕೆಳಗೆ ಇರುವ ಯಾವ ಊರಿಗೂ ಇದು ಹೊಂದುತ್ತದೆ.

ಮೊದಲು, ಗುಡ್ಡದ ಒಳಗೆ ಏನಾಗುತ್ತದೆ ಎಂದು ತಿಳಿಯೋಣ

ನಮ್ಮ ಗುಡ್ಡಗಳ ಮೇಲುಗಡೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಗಟ್ಟಿ, ಆದರೆ ತುಂಬ ತೂತು. ಮಳೆನೀರು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಮುರಕಲ್ಲಿನ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣದ ಮೆತ್ತಗಿನ ಜೇಡಿ ಇದೆ. ನಾವು ಶೇಡಿ ಎನ್ನುತ್ತೇವೆ. ಮೇಲಿಂದ ಬಂದ ನೀರು ಈ ಶೇಡಿಯಲ್ಲಿ ಅಷ್ಟು ಬೇಗ ಇಳಿಯುವುದಿಲ್ಲ. ಅಲ್ಲೇ ನಿಲ್ಲುತ್ತದೆ, ಶೇಡಿಯನ್ನು ನೆನೆಸಿ ಜಾರುವಂತೆ ಮಾಡುತ್ತದೆ. ನೀರು ಕುಡಿದ ಮಣ್ಣಿನ ಭಾರ ಮೇಲೆ, ಜಾರುಬಂಡೆ ಕೆಳಗೆ. ಬುಡವನ್ನು ಜೆಸಿಬಿ ಕಡಿದಿದ್ದರೆ ಹೇಳುವುದೇ ಬೇಡ.

ಆದ್ದರಿಂದ ಒಂದು ದಿನದ ಜೋರು ಮಳೆಗಿಂತ ಮೂರು ದಿನ ಬಿಡದೆ ಸುರಿದ ಮೇಲೆ ಬರುವ ಜೋರು ಮಳೆ ಹೆಚ್ಚು ಅಪಾಯ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಆದ ಗುಡ್ಡಕುಸಿತವನ್ನು ನೆನೆಯಿರಿ. ಅದಕ್ಕೆ ಮೊದಲಿನ 48 ಗಂಟೆಗಳಲ್ಲಿ ಅಲ್ಲಿ 572 ಮಿ.ಮೀ. ಮಳೆ ಬಿದ್ದಿತ್ತು. 250ಕ್ಕೂ ಹೆಚ್ಚು ಜನ ಹೋದರು, ಹೆಚ್ಚಿನವರು ನಿದ್ದೆಯಲ್ಲಿ. 2019ರ ಆಗಸ್ಟ್‌ನಲ್ಲಿ ಮಲಪ್ಪುರದ ಕವಳಪ್ಪಾರ, 2020ರ ಆಗಸ್ಟ್‌ನಲ್ಲಿ ಇಡುಕ್ಕಿಯ ಪೆಟ್ಟಿಮುಡಿ. ಅವೂ ಬಿಡದೆ ಸುರಿದ ಮಳೆಯ ದಿನಗಳಲ್ಲೇ.

ನಮ್ಮದು ವಯನಾಡಿನಷ್ಟು ಎತ್ತರದ ಜಾಗವಲ್ಲ, ನಿಜ. ಪೊಸಡಿ ಗುಂಪೆಯಂಥ ಗುಡ್ಡವೇ ನಮಗೆ ದೊಡ್ಡದು. ಆದರೆ ಗುಡ್ಡ ಚಿಕ್ಕದಾದರೆ ಸಾಕೇ? 2025ರ ಜುಲೈಯಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನ ವೀರಮಲೆ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿಗೇ ಬಿತ್ತು. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ.

ಹೆಜ್ಜೆ 1: ಬಿಸು ಕಳೆದ ವಾರ ಗುಡ್ಡ ಹತ್ತಿ

ಬಿಸು ಏಪ್ರಿಲ್ ಮಧ್ಯಕ್ಕೆ. ಪತ್ತನಾಜೆ ಮೇ ಕೊನೆಯ ವಾರಕ್ಕೆ. ನಡುವೆ ಸಿಗುವ ಆರು ವಾರವೇ ನಮ್ಮ ಸಮಯ. ಪತ್ತನಾಜೆಗೆ ಕೋಲ, ಯಕ್ಷಗಾನದವರು ಆ ವರ್ಷದ ಗೆಜ್ಜೆ ಬಿಚ್ಚುವ ಮೊದಲು ಈ ಕೆಲಸವೆಲ್ಲ ಮುಗಿದಿರಬೇಕು ಎಂದು ನಾವು ಲೆಕ್ಕ ಹಾಕಿಕೊಂಡಿದ್ದೇವೆ.

ಒಬ್ಬರೇ ಹೋಗಬೇಡಿ. ಆರೇಳು ಜನ ಸಾಕು. ಹಳೆಯ ಮಳೆಗಳನ್ನು ಕಂಡ ಒಬ್ಬ ಅಜ್ಜ, ದಿನಾ ಸೊಪ್ಪು ಸೌದೆಗೆ ಗುಡ್ಡಕ್ಕೆ ಹೋಗುವ ಒಬ್ಬ ಅಕ್ಕ, ಸುರಂಗದ ಕೆಲಸ ಗೊತ್ತಿರುವವರು ಒಬ್ಬರು, ವಾರ್ಡಿನ ಮೆಂಬರ್, ಫೋನಿನಲ್ಲಿ ಚೆನ್ನಾಗಿ ಫೋಟೋ ತೆಗೆಯುವ ಇಬ್ಬರು ಮಕ್ಕಳು. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಊರಿನ ನಕ್ಷೆ ಬರೆದುಕೊಳ್ಳಿ. ತೋಡು, ದಾರಿ, ಮದಕ, ಮನೆ ಇಷ್ಟಿದ್ದರೆ ಸಾಕು. ಮೇಲಿಂದ ಕೆಳಗೆ ಬರುತ್ತಾ ನೋಡಿ.

ಗುಡ್ಡದ ನೆತ್ತಿಯಲ್ಲಿ ಅಡ್ಡಲಾಗಿ ಹೋದ ಬಿರುಕು ಇದೆಯೇ? ಇದ್ದರೆ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು ನಡುವಿನ ದೂರ ಅಳೆದು ಬರೆದಿಡಿ. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹಗಲು ಮಳೆ ಬಿಟ್ಟಾಗೊಮ್ಮೆ ಅಳೆಯಿರಿ. ದೂರ ಹೆಚ್ಚಿದರೆ ಗುಡ್ಡ ಸರಿಯುತ್ತಿದೆ ಎಂದೇ ಅರ್ಥ. ಮರಗಳ ಬುಡ ಒಂದೇ ದಿಕ್ಕಿಗೆ ಬಾಗಿದ್ದರೆ ಗುರುತು ಹಾಕಿ. ನೆಲದಲ್ಲಿ ಸುಮ್ನೆ ಕುಸಿದ ಗುಂಡಿ, ಕಾಲಿಟ್ಟರೆ ಡೊಳ್ಳಿನಂತೆ ಸದ್ದು ಬರುವ ಜಾಗ ಕಂಡರೆ ಅಲ್ಲಿ ಮಣ್ಣಿನೊಳಗೆ ನೀರು ಕೊಳವೆ ಕೊರೆದಿರಬಹುದು. ಅದರ ಮೇಲೆ ಮನೆ ಬೇಡ, ಟ್ಯಾಂಕಿಯೂ ಬೇಡ.

ಬಿಟ್ಟುಹೋದ ಮುರಕಲ್ಲಿನ ಕೋರೆಗಳನ್ನು ಮರೆಯಬೇಡಿ. ಯಾರೂ ಕಟ್ಟದ, ಯಾರೂ ನೋಡಿಕೊಳ್ಳದ ಮದಕಗಳು ಅವು. ನೀರು ತುಂಬಿದಾಗ ಅದನ್ನು ತಡೆಯಬೇಕಾದ ಕೆಳಗಿನ ಗೋಡೆ ಎಷ್ಟು ದಪ್ಪ ಉಳಿದಿದೆ ನೋಡಿ. ಮಕ್ಕಳು ಈಜಲು ಹೋಗಿ ಮುಳುಗುವುದೂ ಇಂಥಲ್ಲೇ. ಬೇಲಿ ಹಾಕಲು ಮಾಲಿಕರಿಗೆ ಹೇಳಿ, ಆಗದಿದ್ದರೆ ಪಂಚಾಯತಿಗೆ ಬರೆದು ಕೊಡಿ.

ಇನ್ನು ಮನೆಯ ಹಿಂದಿನ ಬರೆ. ನನ್ನ ಪ್ರಕಾರ ನಮ್ಮ ಕಡೆ ಅತಿ ಹತ್ತಿರದ ಅಪಾಯ ಇದೇ. ಅಂಗಳ ದೊಡ್ಡದಾಗಲಿ ಎಂದು ಗುಡ್ಡ ಕಡಿದು ಗೋಡೆಯಂತೆ ನಿಲ್ಲಿಸುತ್ತೇವೆ. ಪೂರ್ತಿ ಮುರಕಲ್ಲಾದರೆ ನೆಟ್ಟಗೆ ನಿಲ್ಲುತ್ತದೆ. ಬುಡದಲ್ಲಿ ಬಿಳಿ ಅಥವಾ ಗುಲಾಬಿ ಶೇಡಿಯ ಪಟ್ಟಿ ಕಂಡರೆ ನಿಲ್ಲುವುದಿಲ್ಲ, ಇವತ್ತಲ್ಲ ನಾಳೆ ಬರುತ್ತದೆ. ಬರೆ ಎಷ್ಟು ಎತ್ತರವೋ ಮನೆಯ ಗೋಡೆ ಕನಿಷ್ಠ ಅಷ್ಟು ದೂರ ಇರಬೇಕು. ಇಲ್ಲವಾದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ, ಪ್ರತಿ ಮೆಟ್ಟಿಲಿಗೂ ನೀರು ಬದಿಗೆ ಹೋಗುವ ಕಣಿ ಮಾಡಿ. ತಡೆಗೋಡೆ ಕಟ್ಟುವುದಾದರೆ ನೀರು ಹೊರಬರಲು ಪೈಪಿನ ತೂತು ಇಡಲೇಬೇಕು. ತೂತಿಲ್ಲದ ಗೋಡೆಯ ಹಿಂದೆ ನೀರು ತುಂಬಿ ಗೋಡೆಯೇ ಮನೆಯ ಮೇಲೆ ಬೀಳುತ್ತದೆ. ಇದೆಲ್ಲ ಈ ವರ್ಷ ಆಗದಿದ್ದರೆ ಒಂದು ಕೆಲಸ ಖರ್ಚಿಲ್ಲದೆ ಮಾಡಬಹುದು. ಮಳೆ ಜೋರಾದ ರಾತ್ರಿಗಳಲ್ಲಿ ಬರೆಯ ಬದಿಯ ಕೋಣೆಯಲ್ಲಿ ಯಾರೂ ಮಲಗಬೇಡಿ.

ಹೆಜ್ಜೆ 2: ಮದಕದ ದಂಡೆ

ಮೊದಲು ಒಂದು ಲೆಕ್ಕ. ನಿಮ್ಮ ಮದಕಕ್ಕೆ 10 ಎಕರೆ ಗುಡ್ಡದ ನೀರು ಬರುತ್ತದೆ ಎಂದಿಟ್ಟುಕೊಳ್ಳಿ. 100 ಮಿ.ಮೀ. ಮಳೆ ಬಿದ್ದರೆ ಅಷ್ಟು ಜಾಗದ ಮೇಲೆ ಸುರಿಯುವುದು 40 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ 800 ಬೇಕು. ಜೂನ್ ಮೊದಲಿಗೆ ಒಣಗಿದ ಗುಡ್ಡ ಅದರಲ್ಲಿ ತುಂಬ ಕುಡಿಯುತ್ತದೆ. ಆಟಿಯಲ್ಲಿ ಗುಡ್ಡ ನೆನೆದು ಮುಗಿದಿರುತ್ತದೆ, ಹೆಚ್ಚಿನ ನೀರು ನೇರ ಮದಕಕ್ಕೆ. ಅಷ್ಟು ನೀರು ಹೋಗಲು ಕೋಡಿ, ಅಂದರೆ ತುಂಬಿ ಮಿಕ್ಕ ನೀರು ಹೊರಹೋಗುವ ದಾರಿ ಬೇಕು.

ಕೋಡಿಯೇ ಮದಕದ ಜೀವ. ದಂಡೆಯ ಮೇಲೆ ನೀರು ಹತ್ತಿ ಹರಿದರೆ ಮಣ್ಣಿನ ದಂಡೆ ನಿಲ್ಲುವುದಿಲ್ಲ, ನೋಡುತ್ತಿದ್ದಂತೆ ಕೊರೆದುಹೋಗುತ್ತದೆ. ಕೋಡಿಯ ದಾರಿಯಲ್ಲಿ ಬೆಳೆದ ಪೊದೆ, ಬಿದ್ದ ಮರ, ಅಡಿಕೆ ಸೋಗೆ ಎಲ್ಲ ತೆಗೆಯಿರಿ. ಕೆಲವರು ಮೀನಿಗೆಂದು ಬಲೆ ಕಟ್ಟುತ್ತಾರೆ. ಕೆಲವರು ನೀರು ಜಾಸ್ತಿ ನಿಲ್ಲಲಿ ಎಂದು ಕೋಡಿಗೆ ಮಣ್ಣಿನ ಚೀಲ ಇಡುತ್ತಾರೆ. ಬೇಸಗೆಯ ಚಿಂತೆ ನನಗೂ ಇದೆ. ಆದರೆ ಹಲಗೆ, ಚೀಲ ಏನಿದ್ದರೂ ಮಳೆಯ ಜೋರು ಕಳೆದ ಮೇಲೆ, ಸೆಪ್ಟೆಂಬರ್ ಕೊನೆಗೆ. ಜೂನ್‌ನಲ್ಲಿ ಕೋಡಿ ತೆರೆದೇ ಇರಬೇಕು. ಈ ಮಾತಿಗೆ ನಮ್ಮಲ್ಲಿ ಎರಡು ಮನೆಯವರು ಒಪ್ಪಲು ಎರಡು ವರ್ಷ ಹಿಡಿಯಿತು. ಕೂತು ಮಾತಾಡಿದರೆ ಒಪ್ಪುತ್ತಾರೆ. ಕೋಡಿಯ ನೀರು ಬೀಳುವಲ್ಲಿ ಕಲ್ಲು ಹಾಸಿ, ಇಲ್ಲವಾದರೆ ಅಲ್ಲಿಂದ ಕೊರೆತ ಶುರುವಾಗಿ ದಂಡೆಯ ಬುಡಕ್ಕೆ ಬರುತ್ತದೆ.

ದಂಡೆಯ ಮೇಲೆ ಬೇಸಗೆಯಲ್ಲೇ ಪೊದೆ ಸವರಿ. ಕಾಡು ಮುಚ್ಚಿದ ದಂಡೆಯಲ್ಲಿ ಬಿರುಕು ಕಾಣುವುದಿಲ್ಲ. ಏಡಿ ಮಾಟೆ, ಹೆಗ್ಗಣದ ಮಾಟೆ, ಮುಳ್ಳುಹಂದಿಯ ಗುಂಡಿ ಹುಡುಕಿ. ಅವು ನೀರಿಗೆ ಸಿದ್ಧ ಸುರಂಗ. ಬಾಯಿಗೆ ಮಣ್ಣು ತುರುಕಿದರೆ ಸಾಲದು. ಕೊನೆಯವರೆಗೂ ಅಗೆದು, ಜಿಗುಟು ಮಣ್ಣನ್ನು ಅರ್ಧ ಅಡಿ ಅರ್ಧ ಅಡಿಯಾಗಿ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಗುದ್ದಿ ಗಟ್ಟಿ ಮಾಡುತ್ತಾ ಬನ್ನಿ. ದಂಡೆಯ ಮೇಲೆ ದೊಡ್ಡ ಮರ ಬೇಡ. ಮರ ಸತ್ತರೆ ಬೇರು ಕೊಳೆತು ಅಲ್ಲೊಂದು ಕೊಳವೆ ಉಳಿಯುತ್ತದೆ. ಹುಲ್ಲು ಬೆಳೆಸಿ, ಲಾವಂಚ ಇನ್ನೂ ಒಳ್ಳೆಯದು. ಕೇರಳದಲ್ಲಿ ತೆಂಗಿನ ನಾರಿನ ಬಲೆಯನ್ನು ಕೆರೆ ದಂಡೆಗೆ ಹಾಸುವ ಕೆಲಸ ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಪಂಚಾಯತುಗಳಲ್ಲಿ ನಡೆದಿದೆ. ಕೇಳಿ ನೋಡಿ.

ನೀರಿನಲ್ಲಿ ಒಂದು ಅಳತೆ ಕಂಬ ನೆಡಿ. ದಂಡೆಯ ತಲೆಯಿಂದ 3 ಅಡಿ ಕೆಳಗೆ ಕೆಂಪು ಗೆರೆ ಹಾಕಿ. ನೀರು ಆ ಗೆರೆ ಮುಟ್ಟಿದರೆ ಎಚ್ಚರ. ದಂಡೆಯಿಂದ ದೂರ ನಿಂತು ಟಾರ್ಚ್ ಹಾಕಿದರೂ ಕಾಣುವ ಜಾಗದಲ್ಲಿರಲಿ.

ಸೋರಿಕೆಯ ವಿಷಯ ಎಲ್ಲರಿಗೂ ಗೊತ್ತಿರಬೇಕು. ಮಣ್ಣಿನ ದಂಡೆ ಸ್ವಲ್ಪ ಸೋರುವುದು ಸಹಜ. ಬರುವ ನೀರು ತಿಳಿಯಾಗಿದೆಯೇ, ಪ್ರತಿ ವರ್ಷದಷ್ಟೇ ಇದೆಯೇ? ಹೆದರಬೇಡಿ, ಬರೆದಿಡಿ. ನೀರು ಕೆಂಪಾಗಿದೆಯೇ, ಗಂಟೆಯಿಂದ ಗಂಟೆಗೆ ಜಾಸ್ತಿಯಾಗುತ್ತಿದೆಯೇ? ಹಾಗಾದರೆ ದಂಡೆಯ ಒಳಗಿನ ಮಣ್ಣು ಹೊರಗೆ ಬರುತ್ತಿದೆ. ಆಗ ಮೊದಲ ಕೆಲಸ ಕೆಳಗಿನ ಮನೆಗಳನ್ನು ಖಾಲಿ ಮಾಡಿಸುವುದು. ಅದಾದ ಮೇಲೆಯೇ ದಂಡೆಯ ಕೆಲಸ.

ನಾವು ಆ ರಾತ್ರಿ ಯೋಚಿಸಿದ ಎರಡೂ ಯಾಕೆ ತಪ್ಪು? ಕೆಳಬದಿಯ ತೂತನ್ನು ಬಿಗಿಯಾಗಿ ಮುಚ್ಚಿದರೆ ಒತ್ತಡ ಒಳಗೇ ಬೆಳೆದು ಇನ್ನೊಂದು ಕಡೆ ಒಡೆಯುತ್ತದೆ. ದಂಡೆ ಕಡಿದರೆ ಕಡಿದ ಜಾಗವನ್ನೇ ನೀರು ಅಗಲ ಮಾಡಿಕೊಂಡು ಇಡೀ ಮದಕ ಕೆಳಗೆ ಬರುತ್ತದೆ. ಸರಿಯಾದ ದಾರಿ ಬೇರೆ. ಸೋರುವ ಬಾಯಿಗೆ ಮೊದಲು ದೊರಗು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಕಲ್ಲು ಹಾಕಿ. ನೀರು ಹೋಗಲಿ, ಮಣ್ಣು ನಿಲ್ಲಲಿ ಎಂಬುದು ಲೆಕ್ಕ. ಸುತ್ತ ಮರಳಿನ ಚೀಲ ಇಟ್ಟು ಒಂದು ಕಟ್ಟೆಯಂತೆ ಮಾಡಿದರೆ ಒಳಗೆ ನೀರು ಸ್ವಲ್ಪ ನಿಂತು ಒತ್ತಡ ಇಳಿಯುತ್ತದೆ. ಇದಕ್ಕೆ ಬೇಕಾದ ಮರಳು, ಜಲ್ಲಿ, ಖಾಲಿ ಗೋಣಿ ಮೇ ತಿಂಗಳಲ್ಲೇ ದಂಡೆಯ ಹತ್ತಿರ, ನೀರು ಬರದ ಕಡೆ ರಾಶಿ ಹಾಕಿ ಟಾರ್ಪಾಲು ಮುಚ್ಚಿಡಿ. ರಾತ್ರಿ ಎರಡು ಗಂಟೆಗೆ ಮರಳು ಎಲ್ಲಿಂದ ತರುತ್ತೀರಿ?

ನೀರು ತಗ್ಗಿಸಬೇಕಾದರೆ ತೂಬು ತೆರೆಯಿರಿ. ತೂಬು ಇಲ್ಲದಿದ್ದರೆ ತೋಟದ ಪೈಪೇ ಸಾಕು. 3 ಅಥವಾ 4 ಇಂಚಿನ ಪೈಪು ದಂಡೆಯ ಮೇಲಿಂದ ಹಾಯಿಸಿ, ಒಳಗೆ ನೀರು ತುಂಬಿ, ಎರಡೂ ಬಾಯಿ ಮುಚ್ಚಿ. ಒಂದು ಬಾಯಿ ಮದಕದ ನೀರಿನೊಳಗೆ, ಇನ್ನೊಂದು ನೀರಿನ ಮಟ್ಟಕ್ಕಿಂತ ಚೆನ್ನಾಗಿ ಕೆಳಗೆ. ತೆರೆದರೆ ನೀರು ತಾನೇ ಎಳೆದುಕೊಂಡು ಹರಿಯುತ್ತದೆ. ಬೀಳುವುದು ದಂಡೆಯ ಮೈಮೇಲೆ ಅಲ್ಲ, ಆಚೆಯ ಕಲ್ಲಿನ ಮೇಲೆ ಇರಲಿ. ದಿನಕ್ಕೆ ಒಂದಡಿಗಿಂತ ಜಾಸ್ತಿ ಇಳಿಸಬೇಡಿ. ಬೇಗ ಖಾಲಿ ಮಾಡಿದರೆ ನೆನೆದ ಒಳಬದಿ ಆಸರೆ ಇಲ್ಲದೆ ಜರಿಯುತ್ತದೆ.

ಹೆಜ್ಜೆ 3: ನೀರಿಗೆ ದಾರಿ ಕೊಡಿ

ಹಳೆಯವರು ಗುಡ್ಡದ ಅಂಚಿಗೆ ಅಗಳು (ಕಂದಕ) ತೆಗೆದದ್ದು ಗಡಿಗಾಗಿ ಮಾತ್ರ ಅಲ್ಲ. ಮೇಲಿನ ನೀರು ತೋಟಕ್ಕೆ, ಮನೆಗೆ ನುಗ್ಗದೆ ಬದಿಯ ತೋಡಿಗೆ ಹೋಗಲಿ ಎಂದೂ. ಮುಚ್ಚಿಹೋದ ಅಗಳು ಬಿಡಿಸಿ. ತೋಟದ ಕಣಿಗಳನ್ನು ಜೂನ್‌ಗೆ ಮೊದಲು ಒಮ್ಮೆ, ಜುಲೈಯಲ್ಲಿ ಇನ್ನೊಮ್ಮೆ ಕೆರೆಯಿರಿ. ನೀರು ನಿಲ್ಲಲೆಂದು ತೋಡಿಗೆ ಬೇಸಗೆಯಲ್ಲಿ ಅಡ್ಡ ಹಾಕಿದ ಕಟ್ಟ ಪೂರ್ತಿ ಬಿಡಿಸಿದ್ದೀರಾ ನೋಡಿ. ಹಳೆ ಕಟ್ಟದ ಕಲ್ಲು, ಮರ ಉಳಿದರೆ ಅಲ್ಲೇ ಕಸ ಸಿಕ್ಕಿ ತೋಡು ತೋಟಕ್ಕೆ ತಿರುಗುತ್ತದೆ.

ಇಂಗುಗುಂಡಿಯ ಬಗ್ಗೆ ಸ್ವಲ್ಪ ನಿಲ್ಲಬೇಕು. ನೀರಿಂಗಿಸುವುದನ್ನು ನಾನು ಮನಸಾರೆ ಒಪ್ಪುತ್ತೇನೆ. ಗಡಿಯಾಚೆ, ಕರ್ನಾಟಕದ ಕೇಪುವಿನಲ್ಲಿ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಎಬ್ಬಿಸಿದರು, 2022ರಲ್ಲಿ ಪದ್ಮಶ್ರೀ ಬಂತು. ನೀರಿನ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಎಲ್ಲ ಕಡೆ ಇಂಗಿಸಬಾರದು. ಪದವಿನ ಮೇಲೆ, ಸಮತಟ್ಟಿನಲ್ಲಿ ಗುಂಡಿ ತೆಗೆಯಿರಿ. ದಪ್ಪ ಮಣ್ಣಿನ ಕಡಿದಾದ ಇಳಿಜಾರಿನಲ್ಲಿ, ಮನೆಯ ನೆತ್ತಿಯ ಮೇಲೆ ಬೇಡ. ಅಲ್ಲಿ ತುಂಬಿದ ನೀರು ನೇರ ಶೇಡಿಯ ಪದರಕ್ಕೆ ಇಳಿದು ಗುಡ್ಡವನ್ನು ಸಡಿಲ ಮಾಡುತ್ತದೆ. ಕಡಿದಾದ ಇಳಿಜಾರು ಎಂದರೆ ಎಷ್ಟು? 10 ಅಡಿ ಮುಂದೆ ಹೋದಾಗ ನೆಲ ಮೂರೂವರೆ ಅಡಿಗಿಂತ ಜಾಸ್ತಿ ಇಳಿದರೆ ಅದು ಸುಮಾರು 20 ಡಿಗ್ರಿ ದಾಟಿತು. ಅಂಥಲ್ಲಿ ಜೆಸಿಬಿ ತಂದು ರಬ್ಬರಿಗೆ ಮೆಟ್ಟಿಲಿನಂತೆ ತಟ್ಟು ಮಾಡುವ ಮೊದಲು ಹತ್ತು ಸಲ ಯೋಚಿಸಿ.

ಸುರಂಗಗಳ ಬಾಯಿ ನೋಡಿಡಿ. ಮಳೆಗಾಲದಲ್ಲಿ ಒಳಗೆ ಹೋಗಬೇಡಿ. ಸುರಂಗದ ನೀರು ಏಕಾಏಕಿ ಕೆಂಪಾದರೆ ಅಥವಾ ಜೋರು ಮಳೆಯಲ್ಲೂ ನಿಂತುಹೋದರೆ ಒಳಗೆ ಎಲ್ಲೋ ಮಣ್ಣು ಬಿದ್ದಿದೆ, ಹಿಂದೆ ನೀರು ಕಟ್ಟುತ್ತಿದೆ ಎಂದು ತಿಳಿಯಿರಿ.

ಹೆಜ್ಜೆ 4: ನಿಮ್ಮ ಮಳೆ ನೀವೇ ಅಳೆಯಿರಿ

ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಇಡೀ ಜಿಲ್ಲೆಗೆ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಮಳೆಯ ಸಾಧ್ಯತೆಗೆ ಹಳದಿ, 115.6ರಿಂದ 204.4ಕ್ಕೆ ಕಿತ್ತಳೆ, ಅದಕ್ಕಿಂತ ಮೇಲೆ ಕೆಂಪು. ಆದರೆ ಕುಂಬಳೆಯ ಕಡಲ ಬದಿಯಲ್ಲಿ ಬೀಳುವ ಮಳೆ ಬೇರೆ, ನಮ್ಮ ಗುಡ್ಡದ ಮೇಲಿನದು ಬೇರೆ. ಜಿಲ್ಲೆ ಹಳದಿಯಲ್ಲಿರುವಾಗ ನಿಮ್ಮ ಗುಡ್ಡ ಕೆಂಪಿನಲ್ಲಿರಬಹುದು. ಅದನ್ನು ತಿಳಿಸಲು ನೀವೇ ಬೇಕು. ವಯನಾಡಿನಲ್ಲಿ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಊರವರಿಂದಲೇ ಮಳೆ ಅಳೆಸುವ ದೊಡ್ಡ ಜಾಲ ಮಾಡಿದೆ. ನಮ್ಮ ಹಳೆಯ ಕೃಷಿಕರಲ್ಲಿ ಕೆಲವರು ಡೈರಿಯಲ್ಲಿ ಮಳೆ ಬರೆದಿಡುತ್ತಾರಲ್ವಾ, ಅದೇ ಕೆಲಸ.

4 ಇಂಚಿನ ಪಿವಿಸಿ ಪೈಪಿನ ಒಂದೂವರೆ ಅಡಿ ತುಂಡು ತೆಗೆದುಕೊಳ್ಳಿ. ಅಡಿಗೆ ಎಂಡ್ ಕ್ಯಾಪ್ ಅಂಟಿಸಿ. ಅಡಿಕೆ ಒಣಗಿಸುವ ಅಂಗಳದ ನಡುವೆ, ಮರ, ಮಾಡು ಹತ್ತಿರ ಇಲ್ಲದ ಕಡೆ, ಗೂಟಕ್ಕೆ ನೆಟ್ಟಗೆ ಕಟ್ಟಿ. ಬೆಳಿಗ್ಗೆ 8.30ಕ್ಕೆ ಸ್ಟೀಲ್ ಸ್ಕೇಲ್ ಇಳಿಸಿ ಎಷ್ಟು ಮಿ.ಮೀ. ನೀರಿದೆ ನೋಡಿ, ಬರೆದು, ಚೆಲ್ಲಿ. ಕ್ಯಾಪಿನ ಒಳಗೆ ಉಬ್ಬುತಗ್ಗು ಇದ್ದರೆ ಮೊದಲು ಸ್ವಲ್ಪ ಸಿಮೆಂಟ್ ಹಾಕಿ ಸಮ ಮಾಡಿ. ಇಷ್ಟೇ. ಮಳೆ ಜೋರಿದ್ದರೆ ಸಂಜೆಯೂ ಅಳೆಯಿರಿ. ಒಂದು ಅಳತೆ ಮದಕದ ಹತ್ತಿರದ ಮನೆಯಲ್ಲಿ, ಒಂದು ಬೈಲಿನಲ್ಲಿ ಇರಲಿ. ಶಾಲೆಯ ಮಕ್ಕಳಿಗೆ ಕೊಟ್ಟರೆ ಒಂದು ದಿನ ತಪ್ಪಿಸುವುದಿಲ್ಲ.

ಇನ್ನು ಗೆರೆ ಹಾಕುವ ಕೆಲಸ. ನಮ್ಮಲ್ಲಿ ಹೀಗೆ ಮಾಡಿಕೊಂಡಿದ್ದೇವೆ: ಒಂದು ದಿನಕ್ಕೆ 100 ಮಿ.ಮೀ. ದಾಟಿದರೆ ಇಬ್ಬರು ಮದಕ ನೋಡಿ ಬರುವುದು. ಎರಡು ದಿನ ಸೇರಿ 200 ದಾಟಿದರೆ ಬರೆಯ ಕೆಳಗಿನ, ದಂಡೆಯ ಕೆಳಗಿನ ಮನೆಯವರು ಸಂಜೆ ಬೆಳಕಿರುವಾಗಲೇ ಹೊರಡುವುದು, ಆಮೇಲೆ ಮಳೆ ಬರಲಿ ಬಿಡಲಿ. ಇದು ವಿಜ್ಞಾನಿಗಳು ಕೊಟ್ಟ ಗೆರೆಯಲ್ಲ, ಊರವರು ಕೂತು ಹಾಕಿಕೊಂಡದ್ದು. ನಿಮ್ಮ ಗುಡ್ಡಕ್ಕೆ ಇನ್ನೂ ಕಡಿಮೆ ಬೇಕಾಗಬಹುದು. ಅಂಕಿ ಯಾವುದಾದರೂ ಆಗಲಿ, ಮಳೆಗೆ ಮೊದಲೇ ಎಲ್ಲರೂ ಒಪ್ಪಿರಬೇಕು. ಮಳೆ ಸುರಿಯುವಾಗ ಚರ್ಚೆ ಶುರು ಮಾಡಿದರೆ ಬೆಳಗಾಗುತ್ತದೆ.

ಹೆಜ್ಜೆ 5: ಎಚ್ಚರಿಕೆ ನಮ್ಮ ಭಾಷೆಯಲ್ಲಿ

ಇದನ್ನು ಹೊರಗಿನವರು ಯೋಚಿಸುವುದೇ ಇಲ್ಲ. ನಮಗೆ ಬರುವ ಸಂದೇಶ ಹೆಚ್ಚಾಗಿ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಅಜ್ಜಿಗೆ, ಮನೆಯಲ್ಲಿ ತುಳು ಮಾತ್ರ ಆಡುವವರಿಗೆ ಅದು ಅರ್ಥವಾಗುವುದಿಲ್ಲ. ಕೆಲವು ಮಾತು ಎಲ್ಲರೂ ಕಲಿತಿರಲಿ. ‘ಉರುಳ್‌ಪೊಟ್ಟಲ್’ ಎಂದರೆ ಗುಡ್ಡವೇ ಒಡೆದು ನೀರು, ಕಲ್ಲು, ಮಣ್ಣು ಸೇರಿ ಹರಿದು ಬರುವುದು. ‘ಮಣ್ಣಿಡಿಚ್ಚಿಲ್’ ಎಂದರೆ ಬರೆ ಜರಿಯುವುದು. ‘ವೆಳ್ಳಪ್ಪೊಕ್ಕಂ’ ನೆರೆ. ‘ಮಾಟ್ಟಿ ಪಾರ್ಪ್ಪಿಕ್ಕುಕ’ ಎಂದು ಕಂಡರೆ ಜನರನ್ನು ಬೇರೆ ಕಡೆ ಸಾಗಿಸುವುದು. ‘ಅವಧಿ’ ಎಂದರೆ ಶಾಲೆಗೆ ರಜೆ. ವಾರ್ಡಿನಲ್ಲಿ ಮಲಯಾಳ ಓದಬಲ್ಲ ಇಬ್ಬರನ್ನು ಗುರುತಿಸಿ. ಎಚ್ಚರಿಕೆ ಬಂದ ತಕ್ಷಣ ಅವರು ಕನ್ನಡ ಮತ್ತು ತುಳುವಿನಲ್ಲಿ ಒಂದೊಂದು ನಿಮಿಷದ ಧ್ವನಿ ಸಂದೇಶ ಮಾಡಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಲಿ. ಓದು ಬಾರದವರಿಗೂ ಅದು ಮುಟ್ಟುತ್ತದೆ. ಜಿಲ್ಲಾಡಳಿತ ಕನ್ನಡದಲ್ಲೂ ಎಚ್ಚರಿಕೆ ಕೊಡಲಿ ಎಂದು ಗ್ರಾಮಸಭೆಯಲ್ಲಿ ಬರೆಸಿ. ಅದು ನಮ್ಮ ಹಕ್ಕು.

ಕೇರಳದಲ್ಲಿ ‘ಕವಚಂ’ ಎಂಬ ಸೈರನ್ ಜಾಲ 2025ರ ಜನವರಿಯಲ್ಲಿ ಶುರುವಾಗಿದೆ. ಒಳ್ಳೆಯದೇ. ಆದರೆ ಪ್ರತಿ ಕಣಿವೆಗೂ ಸೈರನ್ ಕೇಳಿಸುವುದಿಲ್ಲ. ಜೋರು ಮಳೆಯಲ್ಲಿ ಕರೆಂಟ್ ಹೋಗುತ್ತದೆ, ಟವರ್ ಹೋಗುತ್ತದೆ. ಭಜನಾ ಮಂದಿರದ ಮೈಕ್, ಮಸೀದಿಯ ಮೈಕ್ ಎರಡಕ್ಕೂ ಬ್ಯಾಟರಿ ಇರಲಿ. ಅದೂ ಕೈಕೊಟ್ಟರೆ ಜಾಗಟೆ ಮತ್ತು ಸೀಟಿ. ಬಿಟ್ಟು ಬಿಟ್ಟು ಬಾರಿಸಿದರೆ ಎದ್ದು ತಯಾರಾಗಿ ಎಂದರ್ಥ, ನಿಲ್ಲಿಸದೆ ಬಾರಿಸಿದರೆ ಹೊರಡಿ ಎಂದರ್ಥ. ಮೇ ತಿಂಗಳಲ್ಲಿ ಒಮ್ಮೆ ಬಾರಿಸಿ ಯಾವ ಮನೆಗೆ ಕೇಳಿಸುತ್ತದೆ, ಯಾವ ಮನೆಗೆ ಕೇಳಿಸುವುದಿಲ್ಲ ಎಂದು ನೋಡಿ.

ಹೆಜ್ಜೆ 6: ಯಾರು, ಎಲ್ಲಿಗೆ, ಯಾರ ಜೊತೆ

ಪಟ್ಟಿ ಮಾಡುವಾಗ ಹಾಸಿಗೆ ಹಿಡಿದವರಿಂದ ಶುರು ಮಾಡಿ. ನಮ್ಮ ಜಿಲ್ಲೆಯ 11 ಪಂಚಾಯತುಗಳಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದವರಿದ್ದಾರೆ. ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಬದಿಯಡ್ಕ ಕಡೆ ನಡೆಯಲಾಗದ ಮಕ್ಕಳನ್ನು ಎತ್ತಿಕೊಂಡೇ ಸಾಕುವ ಅಮ್ಮಂದಿರಿದ್ದಾರೆ. ಅವರಿಗೆ ‘ಸುರಕ್ಷಿತ ಜಾಗಕ್ಕೆ ತೆರಳಿ’ ಎಂದು ಹೇಳಿದರೆ ಏನು ಪ್ರಯೋಜನ? ಪ್ರತಿ ಇಂಥ ಮನೆಗೆ ನಾಲ್ಕು ಜನರ ಹೆಸರು ಬರೆಯಿರಿ, ಜೀಪು ಯಾರದ್ದು ಬರೆಯಿರಿ. ಎಲ್ಲರಿಗಿಂತ ಮೊದಲು, ಹಗಲಿನಲ್ಲೇ ಅವರು ಹೊರಡಬೇಕು. ಔಷಧ ಯಾವುದು, ಎಷ್ಟು ದಿನಕ್ಕಿದೆ ಎಂದು ಪಂಚಾಯತಿನ ಪಾಲಿಯೇಟಿವ್ ನರ್ಸ್‌ಗೆ ಗೊತ್ತಿರುತ್ತದೆ. ಅವರನ್ನು ಮೇ ತಿಂಗಳ ಸಭೆಗೆ ಕರೆಯಿರಿ. ಬಾಣಂತಿಯರು, ಡಯಾಲಿಸಿಸ್‌ಗೆ ಹೋಗುವವರು, ಒಂಟಿ ಅಜ್ಜ ಅಜ್ಜಿಯರು ಆಮೇಲಿನ ಸಾಲು. ತೋಟದ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವ ಹೊರರಾಜ್ಯದವರ ಹೆಸರೂ ಪಟ್ಟಿಯಲ್ಲಿರಲಿ. ಅವರಿಗೆ ನಮ್ಮ ಯಾವ ಭಾಷೆಯೂ ತಿಳಿಯದು.

ಹೋಗುವ ಜಾಗ ಶಾಲೆಯಾದರೆ ಆ ಶಾಲೆಯ ಹಿಂದೆಯೂ ಬರೆ ಇದೆಯೇ ನೋಡಿ. ಹೋಗುವ ದಾರಿ ತೋಡು ದಾಟಬಾರದು. ಮದಕ ಒಡೆದಾಗ ತೋಡಿನ ಸೇತುವೆಯೇ ಮೊದಲು ಹೋಗುತ್ತದೆ. ಕಣಿವೆ ಹಿಡಿದು ಕೆಳಗೆ ಹೋಗುವುದಕ್ಕಿಂತ ಬದಿಯ ಗುಡ್ಡದ ಗಟ್ಟಿ ಭಾಗಕ್ಕೆ ಅಡ್ಡವಾಗಿ ಹೋಗುವುದು ಒಳ್ಳೆಯದು.

ದನಗಳ ವಿಷಯ. ದನ ಬಿಟ್ಟು ಬರಲಾರೆವು ಎಂದು ಎಷ್ಟೋ ಜನ ಮನೆಯಲ್ಲೇ ಉಳಿಯುತ್ತಾರೆ. ಅದು ಹಟವಲ್ಲ, ಪ್ರೀತಿ. ಆದ್ದರಿಂದ ದನಗಳಿಗೂ ಒಂದು ಎತ್ತರದ ಕೊಟ್ಟಿಗೆ ಮೊದಲೇ ಗೊತ್ತು ಮಾಡಿ. ಸಮಯ ಇಲ್ಲದಿದ್ದರೆ ಕಣ್ಣಿ ಬಿಚ್ಚಿ ಬಿಡಿ, ಕಟ್ಟಿ ಮಾತ್ರ ಬರಬೇಡಿ.

ಚೀಲದಲ್ಲಿ ಆಧಾರ್, ರೇಷನ್ ಕಾರ್ಡ್, ಜಾಗದ ಕಾಗದ, ಪಾಸ್‌ಬುಕ್ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಟಾರ್ಚ್, ಸೀಟಿ, ಒಂದು ವಾರದ ಔಷಧ, ಪವರ್ ಬ್ಯಾಂಕ್, ನೀರು, ಅವಲಕ್ಕಿ ಬೆಲ್ಲ. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿ.

ನಂಬರ್‌ಗಳು: 112 ಯಾವುದೇ ತುರ್ತಿಗೆ, 101 ಅಗ್ನಿಶಾಮಕ, 1077 ಜಿಲ್ಲೆಯ ತುರ್ತು ಕೇಂದ್ರ, 1070 ರಾಜ್ಯದ್ದು.

ಹೆಜ್ಜೆ 7: ಆ ರಾತ್ರಿ

ಜೋರು ಮಳೆಯಲ್ಲಿ ತೋಡಿನ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಖುಷಿಪಡಬೇಡಿ. ಮೇಲೆ ಎಲ್ಲೋ ಮಣ್ಣು ಬಿದ್ದು ತಡೆದಿದೆ, ಅದು ಒಡೆದರೆ ಒಮ್ಮೆಲೇ ಬರುತ್ತದೆ. ನೀರು ಏಕಾಏಕಿ ಕೆಸರಾದರೂ, ಮರದ ತುಂಡು ತೇಲಿಬಂದರೂ ಹಾಗೇ. ಬಾಗಿಲು ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾದರೆ, ಗೋಡೆಯಲ್ಲಿ ಹೊಸ ಬಿರುಕು ಬಂದರೆ, ಅಂಗಳದಲ್ಲಿ ಹೊಸ ಒರತೆ ಎದ್ದರೆ, ಗುಡ್ಡದಿಂದ ಗುಡುಗಿನಂಥ ಬಿಡದ ಸದ್ದು, ಮರ ಮುರಿಯುವ ಸದ್ದು, ಹಸಿ ಮಣ್ಣಿನ ವಾಸನೆ ಬಂದರೆ ಯಾರನ್ನೂ ಕೇಳಬೇಡಿ. ಹೊರಡಿ. ಕಾಗದಪತ್ರದ ಚೀಲ ಸಿಗದಿದ್ದರೆ ಬಿಟ್ಟುಬಿಡಿ.

ನೀರಿನ ಎದುರು ದಡದಲ್ಲಿದ್ದೇವೆ, ನಮಗೇನು ಎನ್ನಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ದಾಟಿ ಗಂಗಾವಳಿ ಹೊಳೆಗೆ ಬಿತ್ತು. ಎದ್ದ ನೀರು ಎದುರು ದಡದ ಉಳುವರೆಯ ಮನೆಗಳನ್ನು ಹೊಡೆಯಿತು. ಗುಡ್ಡ ಮದಕಕ್ಕೆ ಬಿದ್ದರೂ ಹೀಗೇ ಆಗುತ್ತದೆ. ಮದಕದ ಒಳಬದಿಯ ಇಳಿಜಾರಿನಲ್ಲಿ ಬಿರುಕಿದ್ದರೆ ನಕ್ಷೆಯಲ್ಲಿ ಅದಕ್ಕೆ ಕೆಂಪು ಗುರುತು ಹಾಕಿ.

ರಾತ್ರಿ 7ರಿಂದ ಬೆಳಿಗ್ಗೆ 7ರವರೆಗೆ ಗುಡ್ಡದ ದಾರಿಯಲ್ಲಿ ಪ್ರಯಾಣ ಬೇಡ ಎಂದು ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೇಳುತ್ತದೆ. ಅದಕ್ಕೇ ಸಂಜೆ ಬೆಳಕಿನಲ್ಲೇ ಹೊರಡುವ ಗೆರೆ ಹಾಕಿಕೊಳ್ಳಿ ಎಂದದ್ದು. ಮೂರು ಸಲ ಹೋಗಿ ಏನೂ ಆಗದೆ ಮರಳಿ ಬಂದರೆ ನಾಲ್ಕನೇ ಸಲ ಹೋಗಲು ಬೇಸರ ಬರುತ್ತದೆ. ಶಾಲೆಯಲ್ಲಿ ಒಳ್ಳೆಯ ಗಂಜಿ, ಚಟ್ನಿ, ಮಲಗಲು ಒಣಗಿದ ಚಾಪೆ, ಹೆಂಗಸರಿಗೆ ಬಾಗಿಲು ಹಾಕುವ ಶೌಚಾಲಯ ಇದ್ದರೆ ಬರುತ್ತಾರೆ. ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು ನಮ್ಮಲ್ಲಿ ಈ ಜವಾಬ್ದಾರಿ ತೆಗೆದುಕೊಂಡ ಮೇಲೆ ಜನ ಸಲೀಸಾಗಿ ಹೊರಡುತ್ತಾರೆ.

ಹೆಜ್ಜೆ 8: ಪಂಚಾಯತಿನ ಕಡತದಲ್ಲಿ ಊರು

ಕೇರಳದಲ್ಲಿ ಪ್ರತಿ ವಾರ್ಡಿಗೂ ಗ್ರಾಮಸಭೆ ಇದೆ, ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಸೇರಬೇಕು. 2020ರಲ್ಲಿ ‘ನಮ್ಮಳ್ ನಮುಕ್ಕಾಯಿ’ ಎಂಬ ಹೆಸರಿನಲ್ಲಿ ಪಂಚಾಯತುಗಳೆಲ್ಲ ವಿಪತ್ತು ನಿರ್ವಹಣಾ ಯೋಜನೆ ಮಾಡುವ ಕೆಲಸ ನಡೆಯಿತು. ನಿಮ್ಮ ಪಂಚಾಯತಿನದ್ದು ಕೇಳಿ ನೋಡಿ. ಅದರಲ್ಲಿ ನಿಮ್ಮ ಮದಕದ ಹೆಸರಿದೆಯೇ? ಇಲ್ಲದಿದ್ದರೆ ಕ್ಯಾಲೆಂಡರಿನ ಹಿಂದೆ ಬರೆದ ನಕ್ಷೆ, ಫೋಟೋ, ಮಳೆಯ ಅಂಕಿ ಸೇರಿಸಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಅಂಕಿ ಇಟ್ಟುಕೊಂಡು ಹೋದರೆ ಮಾತಿಗೆ ತೂಕ ಬರುತ್ತದೆ.

ಹಾನಿಯಾದರೆ ಬಿದ್ದದ್ದನ್ನು ತೆರವು ಮಾಡುವ ಮೊದಲು ಫೋಟೋ ತೆಗೆಯಿರಿ. ಮನೆಗೆ ವಿಲೇಜ್ ಆಫೀಸು, ಬೆಳೆಗೆ ಕೃಷಿ ಭವನ. ಜೀವ ಹೋದರೆ ವಿಪತ್ತು ನಿಧಿಯಿಂದ ಕುಟುಂಬಕ್ಕೆ 4 ಲಕ್ಷ ರೂಪಾಯಿ ಸಿಗುತ್ತದೆ. ಮರಳಿ ಮನೆಗೆ ಹೋಗುವಾಗ ಮೊದಲು ಹಿಂದಿನ ಬರೆ ನೋಡಿ, ಆಮೇಲೆ ಬಾಗಿಲು ತೆರೆಯಿರಿ. ಮಳೆ ನಿಂತು ಒಂದೆರಡು ದಿನದ ಮೇಲೂ ಗುಡ್ಡ ಜರಿಯಬಹುದು, ಒಳಗಿನ ನೀರು ಇನ್ನೂ ಇಳಿದಿರುವುದಿಲ್ಲ. ಬಾವಿ ನೀರು ಕುದಿಸದೆ ಕುಡಿಯಬೇಡಿ.

ಸೆಪ್ಟೆಂಬರ್ ಕೊನೆಗೆ ಕೋಡಿಗೆ ಹಲಗೆ ಇಡುವ ದಿನ ಊರವರೆಲ್ಲ ಹೇಗೂ ಮದಕದ ಹತ್ತಿರ ಸೇರುತ್ತೀರಿ. ಆ ದಿನವೇ ನಕ್ಷೆಯ ಹಾಳೆ ತನ್ನಿ. ಈ ವರ್ಷ ಹೊಸದಾಗಿ ಕಂಡ ಬಿರುಕು, ಕೆಂಪಾದ ಸುರಂಗ, ತಡವಾಗಿ ಹೊರಟ ಮನೆ ಎಲ್ಲ ಗುರುತು ಹಾಕಿ ಭಜನಾ ಮಂದಿರದ ಗೋಡೆಗೆ ಮತ್ತೆ ಅಂಟಿಸಿ. ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಿಡಿಲು ಮಳೆ ಇನ್ನೂ ಬಾಕಿ ಇದೆ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಮದಕದ ದಂಡೆಯಲ್ಲಿ ಯಾರೂ ನಿಲ್ಲಬೇಡಿ.